ನೊರೆಯ ಗೆರೆ

"ಮುಟ್ಟಬೇಡಿ!"

ಒಲೆಯ ಮೇಲಿನ ಪಾತ್ರೆಯತ್ತ ಚಾಚಿದ್ದ ಲೆಫ್ಟಿನೆಂಟ್ ರಾಡ್ಕೊ ಮಿಂಚೆವ್‌ನ ಕೈ ಗಾಳಿಯಲ್ಲೇ ನಿಂತಿತು.

"ಬರೀ ನೀರು ಮೇಡಂ. ಚೆಲ್ಲೋಣ ಅಂತ."

"ಬರೀ ನೀರಿಗೆ ನಾನ್ಯಾಕೆ ಕಿರುಚ್ತೀನಿ?"

ಹೆಸ್ಟರ್ ಕ್ವೇಲ್ ಒಂದು ಫೋರ್ಕ್ ಹುಡುಕಿಕೊಂಡು ಪಾತ್ರೆಯ ಮೇಲೆ ಬಗ್ಗಿದಳು. ಮೂರು ದಿನದಿಂದ ತಣ್ಣಗೆ ನಿಂತಿದ್ದ ನೀರಿನಲ್ಲಿ ಕಂದು ಬಣ್ಣದ ಕಾಗದವೊಂದು ತೇಲುತ್ತಿತ್ತು. ಹಾಲಿನ ಕೆನೆ ಎತ್ತುವ ಹಾಗೆ ಅದನ್ನು ಎತ್ತಿ, ಹರಿಯದಂತೆ ತಟ್ಟೆಯ ಮೇಲೆ ಹಾಸಿದಳು. ಬಾರ್ಲಿ ತೆನೆಯ ಚಿತ್ರ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ತಾರೀಖು.

ಅವಳ ಎದೆ ಡವಗುಟ್ಟತೊಡಗಿತು. ಅರವತ್ತಾರನೆಯ ವಯಸ್ಸಿನಲ್ಲಿ ಎದೆ ಹೀಗೆ ಡವಗುಟ್ಟಿದರೆ ಡಾಕ್ಟರ ಬಳಿ ಓಡಬೇಕು. ಹೆಸ್ಟರಳಿಗೆ ಕುಣಿಯಬೇಕೆನ್ನಿಸಿತು. ಮರುಕ್ಷಣ ಗಿನ್ಕಾಳ ಮುಖ ನೆನಪಾಗಿ ನಾಚಿಕೆಯಾಯಿತು.

ಶನಿವಾರ ಮಧ್ಯಾಹ್ನ ಇದೇ ಮನೆಯ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ರೋಲಂಡ್ ಹೆಪ್‌ವರ್ತ್ ತಲೆ ಒಡೆದು ಬಿದ್ದಿದ್ದ. ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಮನೆ ಗುಡಿಸಲು ಬರುವ ಗಿನ್ಕಾ ರಕ್ತ ಮೆತ್ತಿದ ಏಪ್ರನ್ನಿನಲ್ಲಿ ಅವನ ಪಕ್ಕ ಕೂತಿದ್ದಳು, ಮನೆಯ ಕೀಲಿ ಅವಳ ಜೇಬಿನಲ್ಲಿತ್ತು, ಪೊಲೀಸರಿಗೆ ಅಷ್ಟು ಸಾಕಾಯಿತು. ಇವತ್ತು ಮಂಗಳವಾರ. ನಾಲ್ಕು ಗಂಟೆಯೊಳಗೆ ಬೇರೇನೂ ಸಿಗದಿದ್ದರೆ ಗಿನ್ಕಾಳನ್ನು ನ್ಯಾಯಾಲಯಕ್ಕೆ ಒಯ್ಯುತ್ತಾರೆ, ಅಲ್ಲಿಂದ ಜೈಲಿಗೆ. ಭಾನುವಾರ ಅವಳ ಒಬ್ಬಳೇ ಮಗಳ ಮದುವೆ. ಅದಕ್ಕೇ ಹೆಸ್ಟರ್ ಕಾಡಿ ಬೇಡಿ ಲೆಫ್ಟಿನೆಂಟನನ್ನು ಇನ್ನೊಮ್ಮೆ ಇಲ್ಲಿಗೆ ಕರೆತಂದಿದ್ದಳು.

ಈಗ ಗಂಟೆ ಒಂದೂಕಾಲು.

"ಇದು ಮಾಲ್ಟ್ ಡಬ್ಬಿಯ ಲೇಬಲ್," ಅಂದಳು ಹೆಸ್ಟರ್. "ಮೊಳಕೆ ಬಾರ್ಲಿಯ ಪಾಕ. ನಾವೆಲ್ಲ ಇಂಗ್ಲೆಂಡಿನಿಂದ ತರಿಸ್ಕೊಳ್ತೀವಲ್ಲ, ಅದು. ಚಳಿಗಾಲದ ಜೇನಿನ ಹಾಗೆ ಗಟ್ಟಿ, ಸುರಿದ್ರೆ ಬೀಳೋಲ್ಲ. ಅದಕ್ಕೇ ಡಬ್ಬಿ ತೆಗೆಯೋ ಮುಂಚೆ ಹತ್ತು ನಿಮಿಷ ಬಿಸಿನೀರಲ್ಲಿ ನಿಲ್ಲಿಸೋದು. ಶನಿವಾರ ರೋಲಂಡ್ ಬಿಯರ್ ಹಾಕೋಕೆ ಕೂತಿದ್ದ."

"ಅದು ನಮಗೂ ಗೊತ್ತಾಯ್ತು." ಲೆಫ್ಟಿನೆಂಟ್ ಮೇಜಿನತ್ತ ಕೈ ತೋರಿಸಿದ. ತೊಳೆದು ಬೋರಲು ಹಾಕಿದ ಬಕೆಟ್. ಮೂಲೆ ಕತ್ತರಿಸಿಟ್ಟ ಯೀಸ್ಟ್ ಪೊಟ್ಟಣ. ಉದ್ದ ಹಿಡಿಯ ಸೌಟು. ಡಬ್ಬಿ ತೆಗೆಯುವ ಕೀಲಿ. "ಎಲ್ಲಾ ಪಟ್ಟಿ ಮಾಡಿದ್ದೀವಿ."

"ಪಟ್ಟೀಲಿ ಡಬ್ಬಿ ಇದೆಯಾ?"

ಲೆಫ್ಟಿನೆಂಟ್ ಪಟ್ಟಿಯ ಹಾಳೆ ತಿರುವಿದ. ಮೂವತ್ತು ದಾಟದ ಹುಡುಗ. ಮೀಸೆ ಬಿಟ್ಟು ದೊಡ್ಡವನಾಗಲು ನೋಡುತ್ತಿದ್ದ.

"ಕಸದ ಬುಟ್ಟೀಲಿ?"

"ಇಲ್ಲ."

"ಅಂಗಳದಲ್ಲಿ?"

"ಇಲ್ಲ ಮೇಡಂ."

"ಮದುವೆ ಮನೆ ಪೂರ್ತಿ ಸಿದ್ಧ, ಮದುಮಗಳೇ ಇಲ್ಲ. ಅಲ್ವಾ?"

ಲೆಫ್ಟಿನೆಂಟ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನ ಕಣ್ಣು ಅವಳ ಬಲಗೈಯ ಹೆಬ್ಬೆರಳಿಗೆ ಸುತ್ತಿದ ಗಾಯದ ಪಟ್ಟಿಯ ಮೇಲೆ ನಿಂತಿತು. "ಅದೇನಾಯ್ತು?"

"ಗಿನ್ಕಾಳ ಮೆಣಸಿನಕಾಯಿ ಡಬ್ಬಿ. ಬೆಳಗ್ಗೆ ತೆಗೆಯುವಾಗ ಕುಯ್ತು. ಹನ್ನೊಂದು ವರ್ಷದಿಂದ ಪ್ರತಿ ಶರತ್ಕಾಲಕ್ಕೂ ಅವಳು ನನಗೆ ಇಪ್ಪತ್ತು ಡಬ್ಬಿ ಮುಚ್ಚಿಕೊಡ್ತಾಳೆ, ಪ್ರತಿ ಡಬ್ಬೀಲೂ ಅದೇ ಕಚ್ಚು. ಡಬ್ಬಿ ಮುಚ್ಚೋ ಯಂತ್ರದ ಚಕ್ರ ರಿಪೇರಿ ಮಾಡಿಸೇ ಅಂದ್ರೆ ಕೇಳಲ್ಲ. ಬೇರೆಯವರಿಗೆ ಹಿಡಿ ತಿರುಗಿಸೋಕೂ ಕೊಡಲ್ಲ, ಮಗಳಿಗೂ ಸಹ. ಗಂಡನ ನೆನಪಂತೆ. ಅದರ ಬೀಗದ ಕೀಲಿ ಕೊರಳಲ್ಲಿ ಹಾಕ್ಕೊಂಡು ಓಡಾಡ್ತಾಳೆ." ಹೆಸ್ಟರ್ ಮೂಗು ಒರೆಸಿಕೊಂಡಳು. "ನನ್ನ ಬೆರಳು ಬಿಡಿ. ತಾರೀಖು ನೋಡಿ."

ಲೆಫ್ಟಿನೆಂಟ್ ತಟ್ಟೆಯ ಮೇಲೆ ಬಗ್ಗಿದ. "ಎರಡು ವರ್ಷದ ಹಿಂದೇನೇ ಅವಧಿ ಮುಗಿದಿದೆ."

"ಸರಿ. ಹಳೇ ಡಬ್ಬಿಗಳು ಈ ಊರಲ್ಲಿ ಒಂದೇ ಕಡೆ ಇರೋದು. ಲಿಯೊನೆಲ್ ಟ್ರಾಸ್ಕ್ ಮನೇಲಿ."

ಬಲ್ಗೇರಿಯಾದ ಈ ಬ್ರೆಸ್ತಾಕ್ ಊರಿನಲ್ಲಿ ಮನೆ ಕೊಂಡು ನೆಲೆಸಿದ ಒಂಬತ್ತು ಜನ ಇಂಗ್ಲಿಷರಿಗೆ ಸೂರ್ಯ ಸಿಕ್ಕಿದ್ದ, ದ್ರಾಕ್ಷಿ ಸಿಕ್ಕಿತ್ತು, ಪ್ಲಮ್ ಹಣ್ಣಿನ ಸಾರಾಯಿ ಬೇಡವೆಂದರೂ ಸಿಗುತ್ತಿತ್ತು. ಹಿಂದೆ ಬಿಟ್ಟುಬಂದ ಆ ಕಹಿ ಕಂದು ಬಿಯರ್ ಮಾತ್ರ ಸಿಗುತ್ತಿರಲಿಲ್ಲ. ಹಾಗಾಗಿ ಮಂಡಳಿ ಕಟ್ಟಿಕೊಂಡಿದ್ದರು. ತಿಂಗಳಿಗೊಮ್ಮೆ ಇಂಗ್ಲೆಂಡಿನಿಂದ ಒಂದು ವ್ಯಾನ್ ಡಬ್ಬಿಗಳನ್ನು ಹೊತ್ತು ಬರುತ್ತಿತ್ತು. ಆರ್ಡರು ಲಿಯೊನೆಲ್‌ನದು, ಲೆಕ್ಕಪಟ್ಟಿ ಹೆಸ್ಟರಳದು. ಅವಧಿ ಮೀರಿದ ಡಬ್ಬಿಗಳನ್ನು ಲಿಯೊನೆಲ್ ಒಂದು ಮರದ ಪೆಟ್ಟಿಗೆಗೆ ತುಂಬಿಸಿ ಅದೇ ವ್ಯಾನಿನಲ್ಲಿ ವಾಪಸ್ ಕಳಿಸುತ್ತಿದ್ದ.

"ರೋಲಂಡ್ ಯಾರ್ಕ್‌ಷೈರಿನವನು," ಹೆಸ್ಟರ್ ಹೇಳಿದಳು. "ಒಂದು ಚಹಾ ಪೊಟ್ಟಣಾನ ಮೂರು ಸಲ ಮುಳುಗಿಸಿ ಒಣಗೋಕೆ ಹಾಕೋ ಜಾತಿ. ಹಳೇ ಪಾಕ ಅಂದ್ರೆ ಏನು, ಬಿಯರ್ ಸ್ವಲ್ಪ ಕಪ್ಪಾಗುತ್ತೆ, ಅಷ್ಟೇ. ಅದನ್ನ ವಾಪಸ್ ಕಳಿಸ್ತಾರೆ ಅಂದ್ರೆ ಅವನಿಗೆ ಹೊಟ್ಟೆ ಉರಿ. ಪ್ರತಿ ಸಭೇಲೂ ಇದೇ ಜಗಳ. ಶುಕ್ರವಾರ ನಾನು ಆ ಪೆಟ್ಟಿಗೆಗೆ ಪಟ್ಟಿ ಬರೀವಾಗ ಅವನೂ ಜೊತೇಲಿದ್ದ. ಕೋಟು ಹಾಕ್ಕೊಂಡು ಬಂದಿದ್ದ. ಸೆಪ್ಟೆಂಬರ್ ಬಿಸಿಲಲ್ಲಿ ಕೋಟು! ಅಷ್ಟಾದ್ರೂ ನನಗೆ ಹೊಳೀಲಿಲ್ಲ."

"ಒಂದು ಡಬ್ಬಿ ಎಗರಿಸಿದ."

"ಎಗರಿಸಿದ. ಮಾರನೇ ದಿನ ಬಿಸಿನೀರಲ್ಲಿ ನಿಲ್ಲಿಸಿದ. ಆಮೇಲೆ ಯಾರೋ ಬಂದು ಇವನ ತಲೆ ಒಡೆದು ಡಬ್ಬಿ ತಗೊಂಡು ಹೋದ್ರು. ಎರಡು ವರ್ಷ ಹಳೇ ಪಾಕದ ಡಬ್ಬಿ, ಸಾಹೇಬರೇ. ಅಂಥಾದ್ದು ಅದರಲ್ಲಿ ಏನಿತ್ತು?"

ಲೆಫ್ಟಿನೆಂಟ್ ಟೋಪಿ ಹಾಕಿಕೊಂಡ. "ಲಿಯೊನೆಲ್ ಟ್ರಾಸ್ಕ್ ಶನಿವಾರ ಹನ್ನೊಂದರಿಂದ ಒಂದರ ತನಕ ತನ್ನ ಮನೇಲಿ ಬಿಯರ್ ಹಾಕ್ತಿದ್ದ ಅಂತ ಹೇಳಿಕೆ ಕೊಟ್ಟಿದ್ದಾನೆ. ಭಾನುವಾರ ಸಂಜೆ ಅವನ ಮನೆ ಪೂರ್ತಿ ಹುಡುಕಿದ್ದೀನಿ. ಬಕೆಟ್ಟೂ ತೋರಿಸಿದ."

"ಮುಚ್ಚಳ ತೆಗೆದು ನೋಡಿದ್ರಾ?"

"ಹುಳಿ ಬರ್ತಿರೋದನ್ನ ತೆಗೀಬಾರದಲ್ಲ ಮೇಡಂ," ಲೆಫ್ಟಿನೆಂಟ್ ಗಾಬರಿಯಿಂದ ಅಂದ. "ನಮ್ಮ ತಾತನ ಪ್ಲಮ್ ಪೀಪಾಯಿಗೆ ಯಾರಾದ್ರೂ ಕೈ ಇಟ್ರೆ ದೊಣ್ಣೆ ತಗೊಂಡು ಬರ್ತಿದ್ದ."

ಹೆಸ್ಟರ್ ಅವನ ತೋಳು ಹಿಡಿದು ಬಾಗಿಲಿಗೆ ಎಳೆದಳು. "ನಡೀರಿ. ಇವತ್ತು ಅಳತೆಯ ದಿನ."

*

ಬೀದಿ ತುಂಬ ಸುಟ್ಟ ಕೆಂಪು ಮೆಣಸಿನಕಾಯಿಯ ಘಾಟು. ಗೇಟಿನ ಬಳಿ ಗಿನ್ಕಾಳ ಮಗಳು ರಾಲಿತ್ಸಾ ಕಾದು ನಿಂತಿದ್ದಳು. ತಾಯಿಯ ಹಾಗೇ ಅಗಲ ಹಣೆ, ಕೈಗೆ ಮೊಣಕೈವರೆಗೆ ಮೆಣಸಿನಕಾಯಿಯ ಕಪ್ಪು ಸಿಪ್ಪೆ.

"ಹೆಸ್ಟರತ್ತೆ, ಅಮ್ಮ ಬರ್ತಾಳಾ?"

"ಬರ್ತಾಳೆ."

"ಭಾನುವಾರದೊಳಗೆ?"

"ಇವತ್ತೇ ಬರ್ತಾಳೆ. ನೀನು ಹೋಗಿ ಕೈ ತೊಳ್ಕೊ. ಈ ಕೈಯಲ್ಲಿ ಉಂಗುರ ಹಾಕಿಸ್ಕೊಂಡ್ರೆ ಹುಡುಗ ಓಡಿಹೋಗ್ತಾನೆ."

ರಾಲಿತ್ಸಾ ನಗಲು ಹೋಗಿ ಅತ್ತಳು. "ಅಮ್ಮ ಇಲ್ದೆ ನಾನು ಚರ್ಚಿಗೆ ಕಾಲಿಡಲ್ಲ. ಅವನಿಗೂ ಹೇಳಿದ್ದೀನಿ."

ಲೆಫ್ಟಿನೆಂಟ್ ನೆಲ ನೋಡುತ್ತ ಬೇಗ ಬೇಗ ನಡೆದ. ಇಬ್ಬರೂ ಮೂಲೆ ತಿರುಗಿದ ಮೇಲೆ ಮೆಲ್ಲಗೆ ಅಂದ: "ನೀವು ಹಾಗೆಲ್ಲ ಮಾತು ಕೊಡಬಾರದಿತ್ತು."

"ಕೊಟ್ಟಾಯ್ತು."

"ಗಾಯ ಅರ್ಧಚಂದ್ರದ ಹಾಗಿದೆ ಅಂತ ಡಾಕ್ಟರು ಹೇಳಿದ್ದಾರೆ. ಬಾಗಿದ ಅಂಚಿರೋ ಭಾರದ ವಸ್ತು. ಅದು ಸಿಕ್ರೆ ಮಾತ್ರ ನಾನು ಏನಾದ್ರೂ ಮಾಡಬಹುದು."

ಮಾಲ್ಟ್ ಡಬ್ಬಿಯನ್ನು ಹೆಸ್ಟರ್ ಮನಸ್ಸಿನಲ್ಲೇ ಕೈಗೆತ್ತಿಕೊಂಡು, ಅದರ ದುಂಡನೆಯ ಅಂಚಿನ ಮೇಲೆ ಬೆರಳಾಡಿಸಿದಳು. ಅರ್ಧಚಂದ್ರ. ಅವಳ ಹೆಜ್ಜೆ ಓಟವಾಯಿತು.

*

ಲಿಯೊನೆಲ್ ಟ್ರಾಸ್ಕ್ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬಾಟಲಿ ತೊಳೆಯುತ್ತಿದ್ದ. ಉದ್ದನೆಯ ಆಳು, ಎಪ್ಪತ್ತರಲ್ಲೂ ಇಸ್ತ್ರಿ ಮಾಡಿದ ಅಂಗಿ, ಕೊರಳಿಗೊಂದು ಬಣ್ಣದ ಕರವಸ್ತ್ರ.

"ಏನೇ ಹೆಸ್ಟರ್, ಪೊಲೀಸ್ ಕಾವಲಲ್ಲಿ ಬಂದಿದ್ದೀಯ? ನನ್ನ ಬಿಯರಿಗೆ ಅಷ್ಟೊಂದು ಬೆಲೆ ಬಂತಾ?"

"ಮಂಗಳವಾರ ಅಲ್ವೇನೋ. ಅಳೆಯೋಕೆ ಬಂದೆ."

"ನಾನೇ ಅಳೆದಿಟ್ಟಿದ್ದೀನಿ. ಸಾವಿರದ ಇಪ್ಪತ್ತೆರಡು. ಬರ್ಕೊಂಡು ಹೋಗು."

"ನಾನು ಕಣ್ಣಾರೆ ನೋಡ್ದೆ ಬರೆಯೋಲ್ಲ. ಆ ನಿಯಮ ಮಾಡಿದ್ದು ಯಾರು, ಲಿಯೊನೆಲ್?"

ಅವನೇ. ಎರಡು ವರ್ಷದ ಹಿಂದೆ ಮಂಡಳಿಯ ಒಬ್ಬ ಅವಸರಪಟ್ಟು, ಹುಳಿ ಮುಗಿಯುವ ಮುಂಚೆ ಬಾಟಲಿಗೆ ತುಂಬಿಸಿ, ಬಾಟಲಿಗಳು ಸಿಡಿದು ಗಾಜಿನ ಚೂರು ಕೆನ್ನೆಗೆ ನೆಟ್ಟಿತ್ತು. ಅಂದಿನಿಂದ ಹೆಸ್ಟರ್ ಪ್ರತಿ ಮಂಗಳವಾರ ತನ್ನ ಗಾಜಿನ ಅಳತೆಕಡ್ಡಿ ಹಿಡಿದು ಮನೆ ಮನೆ ಸುತ್ತುತ್ತಾಳೆ. ಹಾಲಿನ ಡೈರಿಯಲ್ಲಿ ಹಾಲಿಗೆ ಬಿಡುವಂಥ ತೇಲುವ ಕಡ್ಡಿಯೇ ಅದು. ಬಿಯರಿನಲ್ಲಿ ಸಿಹಿ ಎಷ್ಟು ಉಳಿದಿದೆ ಎಂದು ಹೇಳುತ್ತದೆ. ಯೀಸ್ಟು ಸಿಹಿಯನ್ನು ತಿಂದಷ್ಟೂ ಕಡ್ಡಿ ಆಳಕ್ಕೆ ಇಳಿಯುತ್ತದೆ. ಹೊಸ ಬಕೆಟ್ಟು ಸಾವಿರದ ನಲವತ್ತರ ಸುಮಾರಿಗೆ ಶುರುವಾಗಿ, ಸಾವಿರದ ಹತ್ತಕ್ಕೆ ಬಂದು ನಿಂತರೆ ಮುಗಿಯಿತು.

ಲಿಯೊನೆಲ್ ಒದ್ದೆ ಕೈ ಒರೆಸಿಕೊಂಡು ಎದ್ದ. "ಮುಚ್ಚಳ ಮಾತ್ರ ತೆಗೀಬೇಡ. ಕೆಳಗೆ ನಲ್ಲಿ ಇದೆ."

ನೆಲಮಾಳಿಗೆ ಅಂಗಳದಿಂದ ಆರು ಮೆಟ್ಟಿಲು ಕೆಳಗೆ. ಒಳಗೆ ಕಾಲಿಟ್ಟರೆ ಬೆವರು ಆರಿಹೋಗುವ ತಂಪು. ಕಲ್ಲಿನ ಕಟ್ಟೆಯ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಬಕೆಟ್, ಅದರ ಹೊಟ್ಟೆಗೆ ಅಂಟಿಸಿದ ತಾಪಮಾನದ ಪಟ್ಟಿ: ಹದಿನೆಂಟು ಡಿಗ್ರಿ. ಹೆಸ್ಟರ್ ನಲ್ಲಿ ತಿರುಗಿಸಿ ಗಾಜಿನ ಕೊಳವೆಗೆ ಬಿಯರ್ ಹಿಡಿದು, ಅಳತೆಕಡ್ಡಿ ಬಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿದಳು.

"ಸಾವಿರದ ಹತ್ತು."

"ಹೊಸ ಯೀಸ್ಟು. ಬಿರುಸು," ಅಂದ ಲಿಯೊನೆಲ್.

"ಹದಿನೆಂಟು ಡಿಗ್ರೀಲಿ ಮೂರೇ ದಿನಕ್ಕೆ? ಅದೇನು ಯೀಸ್ಟೋ ರೇಸ್ ಕುದುರೆಯೋ?" ಅವಳು ಕೊಳವೆಯಲ್ಲಿದ್ದುದನ್ನು ಬಾಯಿಗೆ ಹಾಕಿ, ನಾಲಗೆಯ ಮೇಲೆ ಆಡಿಸಿ ನುಂಗಿದಳು. ತಿಳಿಯಾಗಿತ್ತು, ಒಣಗಿತ್ತು, ಚೆನ್ನಾಗಿತ್ತು. ಅದು ಅವಳಿಗೆ ಸ್ವಲ್ಪ ಬೇಸರವನ್ನೂ ತಂದಿತು. ಲಿಯೊನೆಲ್ ಮೊದಲಿಂದಲೂ ಒಳ್ಳೆಯ ಬಿಯರ್ ಮಾಡುವವ. ಲೆಫ್ಟಿನೆಂಟನ ಕಡೆ ತಿರುಗಿ ಬಲ್ಗೇರಿಯನ್ನಿನಲ್ಲಿ ಹೇಳಿದಳು: "ಇದಕ್ಕೆ ಕಡಿಮೆ ಅಂದ್ರೂ ಹತ್ತು ದಿನ ಆಗಿದೆ. ಶನಿವಾರ ಇವನು ಇದನ್ನ ಹಾಕಿಲ್ಲ."

ಲೆಫ್ಟಿನೆಂಟ್ ಲಿಯೊನೆಲ್‌ನನ್ನು ನೋಡಿದ. ಲಿಯೊನೆಲ್ ಭುಜ ಹಾರಿಸಿದ.

"ಯಾವ ವಾರ ಯಾವ ಬಕೆಟ್ಟು ಅಂತ ಮರೆತುಹೋಗಿರುತ್ತೆ. ವಯಸ್ಸಾಯ್ತಲ್ಲ ಸರ್."

"ಮೇಡಂ, ಒಂದು ಮಾತು." ಲೆಫ್ಟಿನೆಂಟ್ ಅವಳನ್ನು ಪಕ್ಕಕ್ಕೆ ಕರೆದ. ದನಿ ಕುಗ್ಗಿತ್ತು. "ಸುಳ್ಳು ಹೇಳಿರಬಹುದು, ನಾನು ನಂಬ್ತೀನಿ. ಆದ್ರೆ ಬಿಯರಿಗೆ ವಯಸ್ಸು ಜಾಸ್ತಿ ಅಂತ ನ್ಯಾಯಾಧೀಶರ ಮುಂದೆ ಹೇಳಿದ್ರೆ ನನ್ನನ್ನ ನೋಡಿ ನಗ್ತಾರೆ. ಆ ಹಳೇ ಡಬ್ಬಿಗಳ ಪೆಟ್ಟಿಗೆ ಎಲ್ಲಿ? ಅದನ್ನಾದ್ರೂ ನೋಡೋಣ."

"ವ್ಯಾನ್ ಬಂದಿತ್ತು," ಲಿಯೊನೆಲ್ ಹಿಂದಿನಿಂದ ಹೇಳಿದ. ಅವನಿಗೆ ಬಲ್ಗೇರಿಯನ್ ಅರ್ಥವಾಗುವುದಿಲ್ಲ ಎಂದು ಯಾರು ಹೇಳಿದ್ದು? "ಬೆಳಗ್ಗೆ ಹನ್ನೊಂದಕ್ಕೇ ಹೊರಟುಹೋಯ್ತು. ಪೆಟ್ಟಿಗೇನೂ ಹೋಯ್ತು. ಈ ಹೊತ್ತಿಗೆ ಗಡಿಯಲ್ಲಿ, ಡ್ಯಾನ್ಯೂಬಿನ ಸೇತುವೆ ಹತ್ರ ಇರಬೇಕು."

ಗಂಟೆ ಎರಡು.

ಹೆಸ್ಟರ್ ನಲ್ಲಿ ಬಿಗಿಮಾಡಲು ಬಗ್ಗಿದಳು. ಮಬ್ಬಿನಲ್ಲಿ ಕಾಣದೆ ಫೋನಿನ ದೀಪ ಹಚ್ಚಿ ಬಕೆಟ್ಟಿನ ಹಿಂದೆ ಹಿಡಿದಳು. ಬೆಳಕು ಬಿಳಿ ಪ್ಲಾಸ್ಟಿಕ್ಕನ್ನು ತೂರಿಕೊಂಡು ಬಂತು. ಒಳಗಿನ ಬಿಯರ್ ಜೇನಿನ ಬಣ್ಣಕ್ಕೆ ತಿರುಗಿತು.

ಆಗ ಅವಳಿಗೆ ಗೆರೆ ಕಂಡಿತು.

ಅವಳು ಇನ್ನೊಮ್ಮೆ ನೋಡಿದಳು. ದೀಪ ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು. ಬಕೆಟ್ಟಿನ ಒಳಗೋಡೆಗೆ ಅಂಟಿದ ಕಂದು ಕೊಳೆಯ ಗೆರೆ ಸುತ್ತಲೂ ಒಂದೇ ಸಮನೆ ಇತ್ತು.

"ಲೆಫ್ಟಿನೆಂಟ್, ಇಲ್ಲಿ ಬನ್ನಿ. ಹಾಲು ಉಕ್ಕಿ ಇಳಿದ ಮೇಲೆ ಪಾತ್ರೆ ಒಳಗೆ ಗೆರೆ ಉಳಿಯುತ್ತಲ್ಲ?"

"ಹೌದು."

"ಅದು ಹಾಲಿಗಿಂತ ಮೇಲಿರುತ್ತೋ ಕೆಳಗಿರುತ್ತೋ?"

"ಮೇಲೇ ಇರುತ್ತೆ. ನೊರೆ ಏರೋದು ಮೇಲಕ್ಕೇ ಅಲ್ವಾ?"

"ಬಿಯರೂ ಹಾಗೇ. ಮೊದಲ ಎರಡು ಮೂರು ದಿನ ನೊರೆ ಉಕ್ಕುತ್ತೆ, ಗೋಡೆಗೆ ಅಂಟುತ್ತೆ, ಇಳಿಯುತ್ತೆ. ಗೆರೆ ಉಳಿಯುತ್ತೆ. ಈಗ ಇದರ ಗೆರೆ ಎಲ್ಲಿದೆ ನೋಡಿ."

ಲೆಫ್ಟಿನೆಂಟ್ ಮಂಡಿಯೂರಿದ. ತುಂಬ ಹೊತ್ತು ನೋಡಿದ. "ಬಿಯರಿನ ಒಳಗಿದೆ. ಒಂದು ಹೆಬ್ಬೆರಳಗಲ ಕೆಳಗೆ."

"ಬಿಯರ್ ತಾನಾಗೇ ಏರೋಲ್ಲ. ನೊರೆ ಇಳಿದ ಮೇಲೆ ನೀರು ಸುರಿಯೋ ಮೂರ್ಖ ನಮ್ಮ ಮಂಡಳೀಲಿ ಯಾರೂ ಇಲ್ಲ." ಅವಳು ಖುಷಿಯಿಂದ ಬಕೆಟ್ಟಿನ ಮೈ ತಟ್ಟಿದಳು. "ಸ್ನಾನದ ತೊಟ್ಟೀಲಿ ನೀವು ಕೂತ್ರೆ ನೀರು ಏರುತ್ತಲ್ಲ, ಇದರೊಳಗೂ ಹಾಗೇ ಏನೋ ಕೂತಿದೆ!"

ಅವಳು ಬಾಗಿಲ ಬಳಿಯ ನಲ್ಲಿಗೆ ಓಡಿದಳು. ಅಂಗಿಯ ತೋಳನ್ನು ಭುಜದವರೆಗೆ ಮಡಚಿದಳು. ಹೆಬ್ಬೆರಳಿನ ಪಟ್ಟಿ ಕಿತ್ತೆಸೆದಳು. ಬಾಟಲಿಗಳಿಗೆಂದು ಲಿಯೊನೆಲ್ ಕಲಸಿಟ್ಟಿದ್ದ ಕ್ರಿಮಿನಾಶಕದಲ್ಲಿ ಕೈಯನ್ನು ತೋಳಿನವರೆಗೆ ಅದ್ದಿ ಉಜ್ಜಿದಳು. ಬೆಳಗಿನ ಗಾಯ ಚುರುಗುಟ್ಟಿತು. ಕಳ್ಳನನ್ನು ಹಿಡಿಯುವ ಹೊತ್ತಿನಲ್ಲೂ ತಾನು ಅವನ ಬಿಯರ್ ಕೆಡದಿರಲೆಂದು ಕೈ ತೊಳೆಯುತ್ತಿದ್ದೇನಲ್ಲ ಎಂದು ಅವಳಿಗೆ ನಗು ಬಂತು. ನಲವತ್ತು ವರ್ಷದ ಅಭ್ಯಾಸ. ಇದುವರೆಗೆ ಅವಳು ಯಾರ ಬಕೆಟ್ಟಿ‌ಗೂ ಕೈ ಹಾಕಿದವಳಲ್ಲ, ತನ್ನದಕ್ಕೂ ಸಹ. ಬಿಯರ್ ಮಾಡುವ ಯಾರೂ ಹಾಕುವುದಿಲ್ಲ. ಲಿಯೊನೆಲ್ ನಂಬಿ ಕೂತಿದ್ದೂ ಅದನ್ನೇ.

"ಹೆಸ್ಟರ್!" ಲಿಯೊನೆಲ್ ಮುಖ ಬಿಳಿಚಿತ್ತು. "ಕೈ ಹಾಕಬೇಡ! ಪೂರ್ತಿ ಬಕೆಟ್ಟು ಹಾಳಾಗುತ್ತೆ ಕಣೇ!"

"ಹಾಳಾಗ್ಲಿ."

"ನಿನಗೇನು ತಲೆ ಕೆಟ್ಟಿದೆಯಾ? ಇಪ್ಪತ್ತಮೂರು ಲೀಟರ್!"

ಅವನು ನುಗ್ಗಿದ. ಲೆಫ್ಟಿನೆಂಟ್ ಅಡ್ಡ ನಿಂತು ಅವನ ಎದೆಗೆ ಅಂಗೈ ಇಟ್ಟ. ಹೆಸ್ಟರ್ ಮುಚ್ಚಳ ಕಿತ್ತು, ಕಣ್ಣು ಮುಚ್ಚಿ, ಬಲಗೈಯನ್ನು ಇಳಿಸಿದಳು.

ತಣ್ಣಗೆ. ಮಣಿಕಟ್ಟು, ಮೊಣಕೈ, ಅದರಿಂದಲೂ ಮೇಲೆ. ತಳದಲ್ಲಿ ಯೀಸ್ಟಿನ ಕೆಸರು ಕೆನೆಯ ಹಾಗೆ ಬೆರಳ ಸಂದಿಯಿಂದ ನುಣುಚಿತು. ಆಮೇಲೆ ಲೋಹ. ದುಂಡಗಿನ ಲೋಹ. ಅವಳು ಅದನ್ನು ಬಾಚಿ ಹಿಡಿದಳು; ಹೆಬ್ಬೆರಳು ಮತ್ತೆ ಚುರ್ ಎಂದಿತು. ಗಾಯಕ್ಕೆ ಏನೋ ತಾಗಿರಬೇಕು ಎಂದುಕೊಂಡು ಎತ್ತಿದಳು.

ಬರಿಮೈ ಡಬ್ಬಿ. ಲೇಬಲ್ ಇಲ್ಲ. ಮೈತುಂಬ ಯೀಸ್ಟಿನ ಬಿಳಿ ಕೆಸರು ಇಳಿಯುತ್ತಿತ್ತು. ಬಾಯಿ ಮುಚ್ಚಿಯೇ ಇತ್ತು, ಆದರೆ ಅಂಚಿನ ಒಂದು ಕಡೆ ಯಾವುದಕ್ಕೋ ಬಲವಾಗಿ ಬಡಿದ ಹಾಗೆ ಒಳಕ್ಕೆ ನಗ್ಗಿತ್ತು.

"ಅರ್ಧಚಂದ್ರ," ಅಂದ ಲೆಫ್ಟಿನೆಂಟ್ ಪಿಸುಗುಟ್ಟುತ್ತ.

ಹೆಸ್ಟರ್ ಡಬ್ಬಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಪಾಕ ಸದ್ದು ಮಾಡುವುದಿಲ್ಲ. ಇದು ಮಾಡಿತು: ಮೆತ್ತಗೆ, ಒಳಗೊಳಗೇ, ಹೊಟ್ಟಿನಲ್ಲಿ ಕಲ್ಲು ಹೊರಳಿದ ಹಾಗೆ.

ಲಿಯೊನೆಲ್ ಕಟ್ಟೆಯ ಮೇಲೆ ಕುಸಿದು ಕೂತ. ಅವನ ಕಣ್ಣು ಡಬ್ಬಿಯ ಮೇಲಿರಲಿಲ್ಲ. ತೆರೆದ ಬಕೆಟ್ಟಿನ ಮೇಲಿತ್ತು.

ಲೆಫ್ಟಿನೆಂಟ್ ಕೈಗವಸು ತೊಟ್ಟು, ಚಾಕು ತೆಗೆದು, ಡಬ್ಬಿಯ ತಳವನ್ನು ಕೊರೆದ. ಮೇಲಿನ ಮುಚ್ಚಳಕ್ಕೆ ಕೈ ಹಚ್ಚಲಿಲ್ಲ. ನಗ್ಗಿದ ಅಂಚು ಹಾಗೇ ಇರಬೇಕು ಎಂದ. ಒಳಗಿಂದ ಗೋಧಿ ಹೊಟ್ಟು ಸುರಿಯಿತು. ಹೊಟ್ಟಿನ ಜೊತೆ ಕರ್ರಗಾದ ನಾಣ್ಯಗಳು ಒಂದೊಂದಾಗಿ ಉದುರಿದವು. ಒಂದನ್ನು ಅಂಗಿಗೆ ಉಜ್ಜಿದ. ಬೆಳ್ಳಿ. ಅದರ ಮೇಲೆ ಕುದುರೆಯ ತಲೆ.

"ದೇವರೇ," ಅಂದ. "ಗುಡ್ಡದ ಗೋರಿಗಳದ್ದು ಇದು. ಎರಡು ಸಾವಿರ ವರ್ಷದ್ದು. ಎರಡು ವರ್ಷದಿಂದ ಇಡೀ ಜಿಲ್ಲೆ ಈ ಗೋರಿ ಅಗೆಯೋ ಕಳ್ಳರನ್ನ ಹುಡುಕ್ತಿದೆ!" ಅವನ ಮೀಸೆಯ ಕೆಳಗಿಂದ ಹುಡುಗನ ನಗು ಹೊರಬಿತ್ತು. "ಮೇಡಂ! ಇದನ್ನ ಪಾಕದ ಡಬ್ಬಿ ಅಂತ ಇಂಗ್ಲೆಂಡಿಗೆ ವಾಪಸ್ ಕಳಿಸ್ತಿದ್ರು!"

"ಪಟ್ಟಿ ಬರೀತಿದ್ದವಳು ನಾನು," ಅಂದಳು ಹೆಸ್ಟರ್. ಆದರೆ ಅವಳೂ ನಗುತ್ತಿದ್ದಳು. ತೋಳಿನಿಂದ ಬಿಯರ್ ತೊಟ್ಟಿಕ್ಕುತ್ತಿತ್ತು. "ಫೋನ್ ಮಾಡಿ! ಮೊದಲು ಸೇತುವೆಗೆ!"

ಅವನು ಮೊದಲು ಸೇತುವೆಗೆ ಮಾಡಿದ: ಬಿಳಿ ವ್ಯಾನ್, ಇಂಗ್ಲಿಷ್ ನಂಬರು, ಮರದ ಪೆಟ್ಟಿಗೆ, ಬಿಡಬೇಡಿ. ಆಮೇಲೆ ಠಾಣೆಗೆ.

"ಗಿನ್ಕಾ ಇನ್ನೂ ಅಲ್ಲೇ ಇದ್ದಾಳಾ? ಒಳ್ಳೇದಾಯ್ತು, ಲೈನಲ್ಲಿರು. ಅವಳನ್ನ..." ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಡಬ್ಬಿಯನ್ನು ಕಾಗದದ ಚೀಲಕ್ಕೆ ಹಾಕಲು ತಿರುಗಿಸಿದ. ಅವನ ಬೆರಳು ಮೇಲಿನ ಅಂಚಿನ ಮೇಲೆ ಜಾರಿ, ಥಟ್ಟನೆ ನಿಂತಿತು.

"ಒಂದ್ನಿಮಿಷ, ಲೈನಲ್ಲೇ ಇರು."

ಅವನು ಡಬ್ಬಿಯನ್ನು ಬೆಳಕಿಗೆ ಹಿಡಿದ.

"ಇದು ಕಾರ್ಖಾನೆಯ ಅಂಚಲ್ಲ. ಡಬ್ಬಿ ಖಾಲಿ ಮಾಡಿ, ಮಾಲು ತುಂಬಿಸಿ, ಹೊಸ ಮುಚ್ಚಳ ಹಾಕಿ ಕೈಯಂತ್ರದಲ್ಲಿ ಮುಚ್ಚಿದ್ದಾರೆ. ನಮ್ಮಜ್ಜಿ ಮನೇಲಿ ಚಿಕ್ಕಂದಿನಿಂದ ಇಂಥ ಯಂತ್ರದ ಹಿಡಿ ತಿರುಗಿಸಿದ್ದೀನಿ, ನನಗೆ ಗೊತ್ತಾಗುತ್ತೆ. ಇಲ್ಲಿ ನೋಡಿ, ಚಕ್ರ ಎಲ್ಲೋ ಮುರಿದಿದೆ. ಅಂಚಿಗೆ ಒಂದು ಕಚ್ಚು ಬಿಟ್ಟಿದೆ. ಬೆರಳಿಟ್ರೆ ಕುಯ್ಯುತ್ತೆ."

ಹೆಸ್ಟರ್ ತನ್ನ ಹೆಬ್ಬೆರಳು ನೋಡಿಕೊಂಡಳು. ಬೆಳಗಿನ ಗಾಯದ ಪಕ್ಕದಲ್ಲೇ, ಒಂದು ಎಳೆಯಷ್ಟು ದೂರದಲ್ಲಿ, ಹೊಸ ರಕ್ತದ ಹನಿಯೊಂದು ದುಂಡಗೆ ನಿಂತಿತ್ತು. ಎರಡೂ ಒಂದೇ ಅಳತೆ. ಒಂದೇ ಓರೆ.

ಅವಳು ಮುಷ್ಟಿ ಮುಚ್ಚಿದಳು.

"ಮೇಡಂ," ಲೆಫ್ಟಿನೆಂಟ್ ಉತ್ಸಾಹದಿಂದ ತಿರುಗಿದ, "ಇನ್ನೊಬ್ಬನೂ ಸಿಕ್ಕಿಬಿದ್ದ ಅಂತಾನೇ ಲೆಕ್ಕ. ಮುಚ್ಚಿಕೊಟ್ಟವರು ಈ ಊರಿನವರೇ ಇರಬೇಕು. ಹೇಳಿ, ಇಲ್ಲಿ ಡಬ್ಬಿ ಮುಚ್ಚೋ ಯಂತ್ರ ಯಾರ ಮನೇಲಿದೆ?"

ಒಂದು ಗಂಟೆಯ ಹಿಂದಷ್ಟೇ ತಾನೇ ಅವನಿಗೆ ಅದನ್ನು ಹೇಳಿದ್ದಳು. ಬೆರಳು ತೋರಿಸಿ, ತಮಾಷೆ ಮಾಡಿ, ಕೀಲಿ ಕೊರಳಲ್ಲಿ ಎಂದೂ ಸೇರಿಸಿ. ಹುಡುಗನಿಗೆ ಅದು ಇನ್ನೂ ನೆನಪಾಗಿಲ್ಲ. ಆಗುತ್ತದೆ, ಇನ್ನೊಂದು ಗಂಟೆಗೋ, ಇನ್ನೊಂದು ನಿಮಿಷಕ್ಕೋ. ಗಿನ್ಕಾ ಕಳ್ಳಿಯಲ್ಲ. ಅದು ಹೆಸ್ಟರಳಿಗೆ ಗೊತ್ತು. ಗೊತ್ತೇ? ಬೇರೆ ಯಾರಿಗೂ ಹಿಡಿ ಕೊಡದ ಆ ಯಂತ್ರವನ್ನು ಹಾಗಾದರೆ ತಿರುಗಿಸಿದ್ದು ಯಾರು?

ಕಟ್ಟೆಯ ಮೇಲೆ ಕುಸಿದಿದ್ದ ಲಿಯೊನೆಲ್ ನಿಧಾನವಾಗಿ ತಲೆ ಎತ್ತಿದ. ಕೊರಳ ಕರವಸ್ತ್ರ ಸರಿಮಾಡಿಕೊಂಡ.

"ಹೇಳೇ ಹೆಸ್ಟರ್," ಅಂದ, ತಪ್ಪಿಲ್ಲದ ಬಲ್ಗೇರಿಯನ್ನಿನಲ್ಲಿ. "ಸಾಹೇಬರು ಕೇಳ್ತಿದ್ದಾರಲ್ಲ."

"ನಾನು... ಯೋಚಿಸ್ಬೇಕು," ಅಂದಳು.

"ಯಂತ್ರಾನಾ?"

ಮೂವರೂ ತಲೆಯೆತ್ತಿದರು. ಮೆಟ್ಟಿಲ ಮೇಲೆ, ಬಿಸಿಲಿಗೆ ಬೆನ್ನು ಮಾಡಿ ರಾಲಿತ್ಸಾ ನಿಂತಿದ್ದಳು. ಮನೆಯಲ್ಲಿ ಕೂರಲಾರದೆ ಹಿಂದೆಯೇ ಬಂದಿದ್ದಳು. ಕೈ ತೊಳೆದುಕೊಂಡಿದ್ದಳು, ಮುಖ ತೊಳೆದುಕೊಂಡಿದ್ದಳು, ಅಮ್ಮನನ್ನು ಕರೆತರಲು ಹೊರಟವಳ ಹಾಗೆ ಒಳ್ಳೆಯ ಲಂಗ ಉಟ್ಟಿದ್ದಳು.

"ನಮ್ಮನೇಲಿದೆ ಸರ್!" ತನ್ನಿಂದಲೂ ಒಂದು ಉಪಕಾರವಾಯಿತಲ್ಲ ಎಂಬ ಸಂತೋಷದಲ್ಲಿ ಅವಳು ಎರಡು ಮೆಟ್ಟಿಲು ಇಳಿದಳು. "ಊರಿಗೆಲ್ಲ ಅದೊಂದೇ. ಬೇಕಿತ್ತಾ? ಆದ್ರೆ ಅಮ್ಮನೇ ಬಂದು ಬೀಗ ತೆಗೀಬೇಕು, ಕೀಲಿ ಯಾರಿಗೂ ಕೊಡಲ್ಲ ಅವಳು."

ಲೆಫ್ಟಿನೆಂಟನ ಕಣ್ಣು ಹೆಸ್ಟರಳ ಮುಚ್ಚಿದ ಮುಷ್ಟಿಯ ಮೇಲೆ ಇಳಿದು ಅಲ್ಲೇ ನಿಂತಿತು. ಅವನ ಮುಖದ ಮೇಲಿದ್ದ ಹುಡುಗ ಮೆಲ್ಲಗೆ ಮಾಯವಾದ.

ಭುಜದ ಮೇಲಿನ ಫೋನಿನಿಂದ ಸಣ್ಣ ದನಿಯೊಂದು ಕೇಳುತ್ತಲೇ ಇತ್ತು.

"ಹಲೋ? ಸರ್? ಗಿನ್ಕಾನ ಬಿಟ್ಟುಬಿಡ್ಲಾ ಸರ್?"